ತಾರಸಿಯ ಕೆಳಗೆ ನಿಲ್ಲುವವನು

೧೯೮೭, ಜನವರಿ ೧೮, ಭಾನುವಾರ. ಗುರುಗಳಿಗೆ ನಾನು ಕೇಳಿದ ಪ್ರಶ್ನೆ ಆ ದಿನದ ನನ್ನ ದಿನಚರಿಯಲ್ಲಿ ಹೀಗಿದೆ: “ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಕಟ್ಟಡದ ಕೆಲಸದಲ್ಲಿರುವ ಮೈದುನನನ್ನೂ ನಲವತ್ತನೆಯ ವಯಸ್ಸಿನಲ್ಲಿ ಕಾಲೇಜಿಗೆ ಸೇರಿಸಿದ್ದೇನೆ. ಬಂಧುಗಳು ನಗುತ್ತಾರೆ. ಓದಿನಿಂದ ಯಾರಿಗಾದರೂ ಕೇಡಾದದ್ದುಂಟೆ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮೇಸ್ತ್ರಿ ಇದ್ದ. ಇಪ್ಪತ್ತು ವರ್ಷದಿಂದ ಮನೆ ಕಟ್ಟುತ್ತಿದ್ದ. ಹೆಂಡತಿಯ ತಮ್ಮ ಅವನ ಕೈಕೆಳಗೇ ಕೆಲಸ ಕಲಿತವನು. ಅವರ ತಂಡದಲ್ಲಿ ಒಂದು ರೂಢಿ ಇತ್ತು. ತಾರಸಿ ಹಾಕಿ, ಅದು ಗಟ್ಟಿಯಾದ ಮೇಲೆ ಆಸರೆಯ ಕಂಬಗಳನ್ನು ತೆಗೆಯುವಾಗ, ಮೇಸ್ತ್ರಿಯಾದವನು ಅದರ ಕೆಳಗೆ ನಟ್ಟನಡುವೆ ನಿಲ್ಲಬೇಕು. ಕೊನೆಯ ಕಂಬ ತೆಗೆದ ಮೇಲೆಯೇ ಹೊರಗೆ ಬರಬೇಕು. ಆದ್ದರಿಂದ ಯಾವ ಮಾಲೀಕ ಅವಸರ ಮಾಡಿದರೂ ಅವನು ಜಗ್ಗುತ್ತಿರಲಿಲ್ಲ. ಕೊರೆಯುವ ಚಳಿಯ ದಿನಗಳನ್ನು ಬಿಟ್ಟು, ಇಪ್ಪತ್ತೊಂದು ದಿನ ಎಣಿಸುತ್ತಿದ್ದ.

ಒಮ್ಮೆ ನಕ್ಷೆಯಲ್ಲಿ ಅಳತೆ ತಪ್ಪಿದ್ದನ್ನು ಎಂಜಿನಿಯರಿಗೆ ತೋರಿಸಿದ. ಎಂಜಿನಿಯರ್ ಅವನ ಮಗನ ವಯಸ್ಸಿನವನು. “ಯಾವ ಕಾಲೇಜಪ್ಪಾ ನಿಂದು?” ಎಂದು ಕೇಳಿದ. ಆಳುಗಳೆಲ್ಲ ನಕ್ಕರು. ಮರುವಾರವೇ ಮೇಸ್ತ್ರಿ ಸಂಜೆ ಕಾಲೇಜಿಗೆ ಹೆಸರು ಕೊಟ್ಟ. ನಾಲ್ಕು ವರ್ಷ ಹಗಲು ಗಾರೆ, ಸಂಜೆ ಪಾಠ. ಪಾಸಾದ. ಗುತ್ತಿಗೆದಾರ ಅವನನ್ನು ಮೇಲ್ವಿಚಾರಕನನ್ನಾಗಿ ಮಾಡಿದ. ತಂಡವನ್ನು ಭಾಮೈದ ವಹಿಸಿಕೊಂಡ.

ಮೊದಲ ಕಟ್ಟಡದಲ್ಲೇ ಮಾಲೀಕನಿಗೆ ಗೃಹಪ್ರವೇಶದ ಅವಸರ. ಹದಿನಾಲ್ಕನೆಯ ದಿನವೇ ಕಂಬ ತೆಗೆಸೆಂದು ಗುತ್ತಿಗೆದಾರ ಹೇಳಿದ. ತೆಗೆಯಬಾರದೆಂದು ಮೇಲ್ವಿಚಾರಕನಿಗೆ ಗೊತ್ತಿತ್ತು. ಹೊಸ ಕೆಲಸ ಹೋದೀತೆಂಬ ಭಯವೂ ಇತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ.

ಭಾಮೈದ ಬಂದು ಹೇಳಿದ: “ಭಾವ, ಎಂಟು ದಿನ ಚಳಿ ಕೊರೆದಿದೆ. ನಮ್ಮ ಎಣಿಕೆಗೆ ಇದಿನ್ನೂ ಆರು ದಿನದ ಕೂಸು.”

“ಪುಸ್ತಕದಲ್ಲಿ ಹದಿನಾಲ್ಕು ಅಂತ ಇದೆ.”

“ಹಾಗಾದರೆ ಪುಸ್ತಕಾನೇ ಕೆಳಗೆ ನಿಲ್ಲಿಸೋಣವಾ?”

“ಈಗ ಮೇಸ್ತ್ರಿ ನೀನಲ್ಲವೇನೋ?”

ಭಾಮೈದ ಅವನ ಮುಖವನ್ನೇ ನೋಡಿದ. “ಆಯ್ತು, ಎಂಜಿನಿಯರ್ ಸಾಹೇಬ್ರೆ,” ಎಂದು ಹೋಗಿ ಕೆಳಗೆ ನಿಂತ. ಮೂರನೆಯ ಸಾಲಿನ ಕಂಬ ತೆಗೆಯುವಾಗ ತಾರಸಿ ಕುಸಿಯಿತು. ಅವನು ಹೊರಗೆ ಬರಲಿಲ್ಲ.

ವಿಚಾರಣೆ ನಡೆಯಿತು. ಮೇಲ್ವಿಚಾರಕ ಪುಸ್ತಕ ತೆರೆದು ಹದಿನಾಲ್ಕು ದಿನವೆಂದಿದ್ದ ಪುಟ ತೋರಿಸಿದ. ಚಳಿಯಲ್ಲಿ ಹೆಚ್ಚು ದಿನ ಬಿಡಬೇಕೆಂದು ಮುಂದಿನ ಪುಟದಲ್ಲಿತ್ತು. ಅದನ್ನು ಯಾರೂ ತಿರುವಲಿಲ್ಲ. ಅವನ ಮೇಲೆ ತಪ್ಪು ಬರಲಿಲ್ಲ. ಮರುವರ್ಷ ಬಡ್ತಿಯೂ ಸಿಕ್ಕಿತು. ತಮ್ಮನ ತಿಥಿಗೆಂದು ತವರಿಗೆ ಹೋದ ಹೆಂಡತಿ ಹಿಂತಿರುಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಾನು ಕೇಳಿದೆ: “ಹಾಗಾದರೆ ಮೈದುನನನ್ನು ಕಾಲೇಜು ಬಿಡಿಸಲೇ?”

ಅವರ ಉತ್ತರವೇ ಆ ಪುಟದ ಕೊನೆಯ ಸಾಲು.

“ಬೇಡ ತಾಯಿ, ಓದಿಗೆ ಆ ಮೇಸ್ತ್ರಿ ತೆತ್ತದ್ದು ನಾಲ್ಕು ವರ್ಷದ ಸಂಜೆಗಳನ್ನು, ಭಾಮೈದನನ್ನು ತೆತ್ತದ್ದು ಕುರ್ಚಿಗೆ.”