ತೋಳದವ್ವ ಹೊದಿಸಿದ ಚರ್ಮ

ಬಾ ಮಗಾ, ಕಾಲು ಒಳಗೆಳ್ಕೋ. ಕಂಬಳಿ ಅಂಚನ್ನ ಗದ್ದದ ಕೆಳಗೆ ಸಿಕ್ಕಿಸ್ಕೋ, ಹ್ಞಾ, ಹಂಗೆ. ಆ ತೋಳ ಊಳಿಡ್ತಿರೋದು ಎಷ್ಟೋ ದೂರದಲ್ಲಿ ಕಣೋ, ಗುಡ್ಡದ ಆಚೆ. ಹೆದರಿಕೆ ಆದ್ರೆ ನನ್ನ ಕೈ ಹಿಡ್ಕೋ, ನಡುವೆ ಬಾಯಿ ಮಾತ್ರ ಹಾಕಬೇಡ.

ಒಂದಾನೊಂದು ಕಾಲದಲ್ಲಿ, ಅಡವಿ ಇನ್ನೂ ಹಟ್ಟಿಯ ಮುಳ್ಳುಬೇಲಿಗೇ ಒರಗಿಕೊಂಡಿದ್ದ ಕಾಲದಲ್ಲಿ, ಸಿರಿಯಮ್ಮ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಕ್ಯಾತಣ್ಣ, ಕುರಿ ಕಾಯೋನು. ಅತ್ತೆ ಪಾತಮ್ಮ, ಹಲ್ಲೆಲ್ಲ ಉದುರಿದ್ರೂ ನಾಲಿಗೆ ಮಾತ್ರ ಹರಿತವಾಗೇ ಇತ್ತು. ಮಗ ಜುಂಜ, ಆಗಷ್ಟೇ ಮೊಲೆ ಬಿಟ್ಟಿದ್ದ ಕೂಸು, ಅವ್ವಾ ಅನ್ನೋದೊಂದೇ ನೆಟ್ಟಗೆ ಬರ್ತಿತ್ತು.

ಒಂದು ಸಲ ಗುಡ್ಡದ ಹೆಣ್ಣುತೋಳ ಬಂದು ಒಂದು ತಾಯಿಕುರೀನ ಹೊತ್ಕೊಂಡು ಹೋಯ್ತಂತೆ, ಅದರ ಮರಿ ತಬ್ಬಲಿ ಆಯ್ತಂತೆ. ಅದೇ ಹೊತ್ತಿಗೆ ಇನ್ನೊಂದು ಕುರಿಯ ಮರಿ ಸತ್ತಿತ್ತು. ಕ್ಯಾತಣ್ಣ ಏನು ಮಾಡ್ದ, ಸತ್ತ ಮರಿಯ ಚರ್ಮ ಸುಲಿದು, ತಬ್ಬಲಿಯ ಬೆನ್ನಿಗೆ ಕಟ್ಟಿ, ಮರಿ ಕಳ್ಕೊಂಡ ಕುರಿಯ ಮುಂದೆ ಬಿಟ್ಟ. ಕುರಿ ಮೂಸಿ ನೋಡ್ತು, ತನ್ನ ಮರೀದೇ ವಾಸನೆ, ಕೆಚ್ಚಲು ಕೊಡ್ತು. ಮೂರು ದಿನ ಕಳೆದ ಮೇಲೆ ಚರ್ಮ ಬಿಚ್ಚಿದ್ರೂ ಬಿಡಲಿಲ್ಲ, ಅಷ್ಟರಲ್ಲಿ ತನ್ನ ಹಾಲೇ ಮರಿಯ ಒಳಗೆ ಸೇರಿತ್ತಲ್ಲ. ಕುರಿ ಸಾಕೋ ಮಂದಿಗೆಲ್ಲ ಗೊತ್ತಿರೋ ಕೆಲಸ ಅದು. ಆದ್ರೆ ಅವತ್ತು ಸಿರಿಯಮ್ಮ ತಲೆ ಎತ್ತಿ ನೋಡ್ತಾಳೆ, ಬಂಡೆ ಮೇಲೆ ಆ ತೋಳ ಮಲಗಿದೆ. ಕುರಿ ಕಡೆ ನೋಡ್ತಿಲ್ಲ, ಕ್ಯಾತಣ್ಣನ ಕೈಯನ್ನೇ ನೋಡ್ತಿದೆ, ಬಾಗಿಲ ಹೊರಗೆ ನಿಂತು ಕಸೂತಿ ಕಲಿಯೋ ಹೆಂಗಸಿನ ಹಂಗೆ.

ಆಮೇಲೆ ಕ್ಯಾತಣ್ಣ, ಹೋದ ಕುರಿಯ ಸಿಟ್ಟಿಗೆ, ತೋಳ ಇಲ್ಲದ ಹೊತ್ತು ನೋಡಿ ಅದರ ಗವಿಗೆ ಹೊಗೆ ಹಾಕಿದನಂತೆ. ಒಳಗೆ ಮೂರು ಮರಿ. ಎರಡು ಸತ್ತವು ಅಂತ ಮನೇಲಿ ಹೇಳ್ದ. ಮೂರನೇದರ ಮಾತೇ ಎತ್ತಲಿಲ್ಲ, ಯಾರೂ ಕೇಳಲೂ ಇಲ್ಲ.

ಮಾರನೇ ದಿನ ದೀಪ ಹಚ್ಚೋ ಹೊತ್ತು. ಮುಳ್ಳುಬೇಲಿ ಕಟ್ಟಿದ ರೊಪ್ಪದೊಳಗೆ ಕುರಿ ಕೂಡಿ ಸಿರಿಯಮ್ಮ ತಿರುಗಿ ನೋಡ್ತಾಳೆ, ಆಡ್ತಿದ್ದ ಜುಂಜ ಇಲ್ಲ. ಬೇಲಿ ಹತ್ರ ಅವನ ಉಡಿದಾರ ಬಿದ್ದಿತ್ತಂತೆ, ಹಲ್ಲಲ್ಲಿ ಕಡಿದ ಹಂಗೆ.

ಎದೆ ಬಡ್ಕೊಂಡು ಗುಡ್ಡಕ್ಕೆ ಓಡಿದಳು. ಗವಿ ಬಾಯಲ್ಲಿ ತೋಳ ಮಲಗಿತ್ತು, ಅದರ ಹೊಟ್ಟೆಗೆ ಅಂಟಿಕೊಂಡು ಏನೋ ಹಾಲು ಕುಡೀತಿತ್ತು. ಬೆನ್ನ ಮೇಲೆ ಹಲ್ಲಲ್ಲೇ ಸುಲಿದ ತೋಳದ ಮರಿಯ ಚರ್ಮ, ಅದರ ಕೆಳಗೆ ಎರಡು ಪುಟ್ಟ ಮನುಷ್ಯರ ಪಾದ. ಜುಂಜಾ, ಅಂದಳು. ಕೂಸು ತಿರುಗಿ ಅವ್ವಾ ಅಂತು, ಆದ್ರೆ ಬರಲಿಲ್ಲ. ತೋಳ ಎದ್ದು ನಿಂತು ಹಲ್ಲು ಬಿಡ್ತು.

ಮನೆಗೆ ಬಂದು ಬಿದ್ದು ಅತ್ತಳಂತೆ. ಪಾತಮ್ಮ ಸೊಸೆಯ ತಲೆ ಸವರಿ, ಏ ಹುಡುಗಿ, ಅತ್ತು ಹೊತ್ತು ಕಳೀಬೇಡ, ಅಂದಳು. ರೊಪ್ಪದಲ್ಲಿ ಎಷ್ಟು ದಿನಕ್ಕೆ ಮರಿ ಒಗ್ಗುತ್ತೆ? ಮೂರು. ಒಂದು ಸಂಜೆ ಹೋಯ್ತು. ಮೂರನೇ ಸಂಜೆ ಕತ್ತಲಾಗೋ ಒಳಗೆ ಚರ್ಮ ಬಿಚ್ಚದೇ ಹೋದ್ರೆ ಅದು ನಿನ್ನ ಮಗ ಅಲ್ಲ, ಅವಳ ಮಗ. ಊರಿಗೆ ಬಂದ್ರೂ ಕುರಿ ತಿನ್ನೋಕೇ ಬರುತ್ತೆ.

ಎರಡನೇ ಸಂಜೆ ಕ್ಯಾತಣ್ಣ ಕೊಡಲಿ ಹಿಡಿದು, ನಾಯಿ ಕರ್ಕೊಂಡು ಹೆಂಡ್ತಿ ಜೊತೆ ಹೋದ. ನಾಯಿಗಳು ಅರ್ಧ ದಾರೀಲೇ ಬಾಲ ಮಡಚಿ ನಿಂತವು. ಗವಿಯಿಂದ ಎರಡು ಹೊರಬಂದವಂತೆ, ಒಂದು ದೊಡ್ಡದು, ಒಂದು ಸಣ್ಣದು, ಎರಡೂ ನಾಲ್ಕು ಕಾಲಲ್ಲಿ. ಚರ್ಮ ಬೆಳೆದು ಕೂಸಿನ ಮೊಣಕೈ ತನಕ ಇಳಿದಿತ್ತು. ಕ್ಯಾತಣ್ಣ ಕೊಡಲಿ ಎತ್ತಿದ. ಮಬ್ಬುಗತ್ತಲು, ಎರಡೂ ಒಂದರ ಮೇಲೊಂದು ಬಿದ್ದು ಸುತ್ತುತ್ತಿದ್ದವು, ಬೀಸೋದು ಯಾರಿಗೆ? ಬಾರೋ ನನ್ನಪ್ಪಾ ಅಂತ ಕೈ ಚಾಚಿದ. ಸಣ್ಣದು ನೆಗೆದು ಬೆರಳು ಕಚ್ತು. ಅವತ್ತು ಅದು ಅವ್ವಾ ಅನ್ನಲಿಲ್ಲ.

ಆವಾಗ ಕ್ಯಾತಣ್ಣ ಮನೆಗೆ ಬಂದು ಹೊಸಿಲ ಮೇಲೆ ಕೂತು ಬಾಯಿ ಬಿಟ್ಟ. ಮೂರನೇ ಮರಿ ಸತ್ತಿಲ್ಲ ಕಣೇ. ನಮ್ಮ ಕೆಂದಿನಾಯಿ ಈದಿತ್ತಲ್ಲ, ಅದರ ಮರಿಗಳ ಜೊತೆ ಬಿಟ್ಟೆ. ತೋಳದ ರಕ್ತದ ನಾಯಿ ಆದ್ರೆ ಯಾವುದಕ್ಕೂ ಹೆದರಲ್ಲ ಅಂತ.

ಎರಡು ಸಂಜೆ ಸುಮ್ನಿದ್ದೆಯಲ್ಲೋ, ಅಂದಳು ಪಾತಮ್ಮ. ಕುರಿ ಕಾಯ್ತೀಯ ನೀನು, ನಿನ್ನ ಬುದ್ಧೀನ ಕಾಯೋರು ಯಾರೋ?

ಮೂರನೇ ದಿನ ಹೊತ್ತು ಇಳಿಯೋ ಮುಂಚೆ ಸಿರಿಯಮ್ಮ, ಕೆಂದಿಯ ಮಗ್ಗುಲಿಂದ ಆ ಬೂದು ಮರೀನ ಎತ್ತಿ ಮಡಿಲಿಗೆ ಹಾಕ್ಕೊಂಡು ಒಬ್ಬಳೇ ಹೊರಟಳಂತೆ. ತಗೋ ತಾಯೀ, ನಿಂದು ನಿಂಗೆ, ಅಂತ ಗವಿ ಮುಂದೆ ಇಟ್ಟಳು. ತೋಳ ಮೂಸ್ತು. ನಾಯಿ ಹಾಲಿನ ವಾಸನೆ, ಮನುಷ್ಯರ ಕೈ ವಾಸನೆ! ಗುರ್ ಅಂದು ಮರಿಯ ಕತ್ತಿಗೇ ಬಾಯಿ ಹಾಕೋಕೆ ಹೋಯ್ತು. ಸಿರಿಯಮ್ಮ ಮರೀನ ಚಟ್ಟನೆ ಹಿಂದಕ್ಕೆ ಎಳ್ಕೊಂಡಳಂತೆ. ಸೂರ್ಯ ಒಂದು ಎಳೆಯಷ್ಟು ಉಳಿದಿದ್ದ.

ಆಗ ಅವಳಿಗೆ ಹೊಳೀತು. ಗವಿ ಬಾಯಲ್ಲಿದ್ದ ಜುಂಜನ ಮೇಲೆ ಬಿದ್ದು ತಬ್ಬಿಕೊಂಡಳು. ಕೂಸು ಪರಚಿತು, ಭುಜ ಕಚ್ಚಿತು, ಅವಳು ಬಿಡಲಿಲ್ಲ. ಚರ್ಮ ಕತ್ತಿನ ತನಕ ಹತ್ತಿತ್ತು, ಕೂದಲು ಮೈಯೊಳಗೆ ಬೇರು ಬಿಟ್ಟಿತ್ತು. ಅಳ್ತಾ ಅಳ್ತಾ ಎಳೆದಳಂತೆ, ಹೆತ್ತ ಕೈಯಲ್ಲೇ ಮಗನ ಚರ್ಮ ಕಿತ್ತ ಹಂಗೆ. ರಕ್ತ ಬಂತು, ಕೂಸು ಊಳಿಟ್ತು, ತೋಳ ಗುರುಗುಟ್ಟುತ್ತಾ ಸುತ್ತಿತು, ಕಚ್ಚಿದ್ರೆ ಕೂಸಿಗೇ ತಾಗುತ್ತಲ್ಲ, ಕೊನೆಗೆ ಕೊಡದ ಕೆಳಗಿಡೋ ಸಿಂಬೆಯಷ್ಟು ಸಣ್ಣದಾಗಿ ಚರ್ಮ ಕೈಗೆ ಬಂತು. ಅದನ್ನ ತೋಳದ ಮರಿಯ ಬೆನ್ನಿಗೆ ಹೊದಿಸಿದಳು.

ತೋಳ ಮೂಸ್ತು. ಇನ್ನೊಂದು ಸಲ ಮೂಸ್ತು. ಆಮೇಲೆ ತೋಳ ನಾಲಿಗೆ ಚಾಚಿ ಮರಿಯ ಮುಖ ನೆಕ್ಕಿತಂತೆ, ಮಗ್ಗುಲು ಮಾಡಿ ಮಲಗಿತಂತೆ.

ಇತ್ತ ಜುಂಜ ಅವ್ವನ್ನ ಗುರುತಿಸದೇ ಹಲ್ಲು ಕಡೀತಿದ್ದ. ಸಿರಿಯಮ್ಮ ತನ್ನ ಬೆವರು ಕುಡಿದ ಸೆರಗನ್ನೇ ಹರಿದು ಅವನ ತಲೆಯಿಂದ ಕಾಲ ತನಕ ಸುತ್ತಿದಳು. ಮನೆಗೆ ತಂದು ಮೂರು ದಿನ ಅದನ್ನ ಬಿಚ್ಚಲಿಲ್ಲ, ಎದೆಯಿಂದ ಇಳಿಸಲೂ ಇಲ್ಲ. ಮೂರನೇ ಸಂಜೆ ಸೆರಗಿನ ಒಳಗಿಂದ ಸಣ್ಣಗೆ, ಅವ್ವಾ, ಅಂತ ಬಂತಂತೆ.

ಆಮೇಲೆ ಏನಾಯ್ತು ಅಂತೀಯ? ಕ್ಯಾತಣ್ಣನ ಬೆರಳು ಡೊಂಕಾಗೇ ಉಳೀತು, ಮತ್ತೆ ಯಾವ ಗವಿಗೂ ಅವನು ಹೊಗೆ ಹಾಕಲಿಲ್ಲ. ಕೆಂದಿ ನಾಲ್ಕು ದಿನ ಬೂದು ಮರೀನ ಹುಡುಕಿ ಸುಮ್ಮನಾಯ್ತು. ತೋಳದವ್ವ ವರ್ಷಕ್ಕೊಂದು ಮುದಿಕುರಿ ತಗೊಂಡು ಹೋಗ್ತಿತ್ತು, ಹಟ್ಟಿಯವರು ಅದರ ಪಾಲು ಬಿಡು ಅಂತಿದ್ರು. ಪಾತಮ್ಮ ಮೊಮ್ಮಗನ ಮದುವೆ ಊಟ ಉಂಡು, ಸಾರಿಗೆ ಉಪ್ಪು ಕಮ್ಮಿ ಅಂತ ಬೈದೇ ಕಣ್ಣು ಮುಚ್ಚಿದಳಂತೆ. ಜುಂಜ ದೊಡ್ಡ ಕುರಿಗಾರನಾದ, ಮಕ್ಕಳು ಮರಿ ಆದವು, ಬೆನ್ನ ಮೇಲೆ ಅಂಗೈಯಗಲ ಬೂದು ಕೂದಲು ಮಾತ್ರ ಹೋಗಲಿಲ್ಲ. ಸಿರಿಯಮ್ಮ ಮುದುಕಿ ಆದ್ರೂ ದಿನಾ ಮುಸ್ಸಂಜೆ ಬಾಗಿಲಲ್ಲಿ ನಿಂತು, ಜುಂಜಾ, ಅಂತ ಕೂಗ್ತಿದ್ದಳು. ಓ ಅವ್ವಾ, ಅಂದ ಮೇಲೇ ದೀಪ ಹಚ್ಚೋದು. ದಿನಾ ಓ ಅಂತಿದ್ದ. ಗುಡ್ಡದಲ್ಲಿ ಊಳಿಟ್ಟ ದಿನ ಮಾತ್ರ, ಓ ಅನ್ನೋಕೆ ಒಂಚೂರು ತಡ ಮಾಡ್ತಿದ್ದನಂತೆ.

ಅಲ್ಲಿಗೆ ಕತೆ ರೊಪ್ಪ ಸೇರ್ತು. ನಿದ್ದೆ ಬಂತೇನೋ ಮಗಾ? ಓ ಅನ್ನು ನೋಡೋಣ.