ಒರೆಸದೆ ಬಿಟ್ಟ ಮೂರು ದಿನ

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಸಂಗಯ್ಯಜ್ಜನವರ ಶಿಷ್ಯರಿಗೆ ಒಬ್ಬೊಬ್ಬರಿಗೆ ಒಂದೊಂದು ಸೇವೆ. ಅಡಿವೆಪ್ಪನ ಪಾಲಿಗೆ ಬಂದದ್ದು ಕಾರು.

ಭಕ್ತರೊಬ್ಬರು ಎಂದೋ ಬಿಟ್ಟುಹೋದ ಗಾಡಿ. ಅದಕ್ಕೂ ಅಡಿವೆಪ್ಪನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಇಪ್ಪತ್ತೊಂಬತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಜಡ್ಡಾದರೂ ಗುಡ್ಡ ಹತ್ತಿಸಿ ಪೇಟೆಯ ಆಸ್ಪತ್ರೆಗೆ ಮುಟ್ಟಿಸುತ್ತಿದ್ದುದು ಅದೇ.

ಅಜ್ಜ ಏಳುವುದರೊಳಗೆ ಅಡಿವೆಪ್ಪ ಅಂಗಳ ಗುಡಿಸಿ, ಕಾರಿನ ಕೆಳಗೂ ನೀರು ಹೊಡೆದು, ಬಾನೆಟ್ ಎತ್ತಿ, ಎಂಜಿನ್ನನ್ನು ಒದ್ದೆ ಅರಿವೆಯಿಂದ ಒರೆಸಿ, ರೇಡಿಯೇಟರಿನ ಹಣೆಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದ. ದೇವರ ಕೋಣೆಯ ಹಿತ್ತಾಳೆಯೂ ಅಷ್ಟು ಹೊಳೆಯುತ್ತಿರಲಿಲ್ಲ. ಬಂದವರು ಹೊಗಳಿದರೆ ತಲೆ ತಗ್ಗಿಸಿ ಒಳಗೊಳಗೇ ಹಿಗ್ಗುತ್ತಿದ್ದ.

ಆದರೆ ಎಂಜಿನ್ನನ್ನು ತಣ್ಣಗಿಡುವ ಹಸಿರು ಕೂಲಂಟ್ ದಿನಾ ಬೆರಳಷ್ಟು ಇಳಿಯುತ್ತಿತ್ತು. ಎಲ್ಲಿ ಹೋಗುತ್ತದೋ ಶಿವನೇ ಬಲ್ಲ. ಅಡಿವೆಪ್ಪ ಯಾರಿಗೂ ಹೇಳದೆ ದಿನಾ ತುಂಬಿಸಿಡುತ್ತಿದ್ದ. ಹೀಗೇ ಎರಡು ತಿಂಗಳು ನಡೆಯಿತು.

ಅಡುಗೆಮನೆಯ ಕಲ್ಲವ್ವನ ಮಗಳು ಗಿರಿಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತಪಾಸಣೆಗೆಂದು ತಾಯಿ ಮಗಳನ್ನು ಪೇಟೆಗೆ ಕರೆದೊಯ್ಯುವಾಗ, ಗುಡ್ಡದ ಏರಿನಲ್ಲಿ ಕಾರು ಕುದಿದು ನಿಂತಿತು. ಎಂಟು ತಿಂಗಳ ಬಸುರಿ ಸುಡುಬಿಸಿಲಲ್ಲಿ ಎರಡು ತಾಸು ಕಲ್ಲಿನ ಮೇಲೆ ಕೂತಳು.

"ಇನ್ನೊಮ್ಮೆ ಹಿಂಗ ಆಗೂದಿಲ್ಲಬೇ ಎವ್ವಾ," ಅಂದ ಅಡಿವೆಪ್ಪ.

ಕಲ್ಲವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬ್ಯಾಡೋ ತಮ್ಮಾ. ಹೆರಿಗಿಗೆ ನಿನ್ನ ಗಾಡಿ ಬ್ಯಾಡ. ಟ್ರ್ಯಾಕ್ಟರ್‌ನಾಗ ಒಯ್ತೀನಿ."

ಆ ರಸ್ತೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ನೋವು ತಿನ್ನುವ ಹುಡುಗಿಯನ್ನು!

ಸೋರುವುದು ಅಲ್ಲೇ ಇರಬೇಕೆಂದು ಅಡಿವೆಪ್ಪ ಹೊಸ ಪೈಪು ತಂದು ರೇಡಿಯೇಟರಿನ ಕೆಳಭಾಗಕ್ಕೆ ಹಾಕಿದ. ಮರುದಿನ ನೋಡಿದರೆ ಹಸಿರು ನೀರು ಮತ್ತೆ ಬೆರಳಷ್ಟು ಇಳಿದಿತ್ತು.

ಬೇರೆ ದಾರಿ ಕಾಣದೆ ಹೊಳೆಯ ಕಡೆ ನಡೆದ. ಅಜ್ಜ ಧೋತರ ಒಗೆಯುತ್ತಿದ್ದರು.

"ಅಜ್ಜಾರ, ಕಾರು ಸೋರಾಕತ್ತೈತ್ರಿ."

"ಎಲ್ಲಿ?"

"ಅದ ತಿಳೀವಲ್ದ್ರಿ. ಕೆಳಗ ಒಂದ ಹನಿ ಕಾಣೂದಿಲ್ಲ. ಎಂಜಿನ್ ನೋಡಿದ್ರ ಕನ್ನಡಿ ಇದ್ದಂಗೈತಿ."

"ಎಷ್ಟ ದಿನಾ ಆತು?"

ಅಡಿವೆಪ್ಪ ಹೊಳೆಯ ನೀರು ನೋಡಿದ. "ಈಗ... ಒಂದ ನಾಕ್ ದಿನಾ ಆಗಿರಬೇಕ್ರಿ."

"ಹಂಗೇನು," ಅಂದರು ಅಜ್ಜ.

ಕಾವಿ ಉಡುವ ಮೊದಲು ಹನ್ನೆರಡು ವರ್ಷ ಲಾರಿ ಹೊಡೆದವರು ಅವರು. ಆದರೂ ಮತ್ತೇನೂ ಕೇಳದೆ, ಹಿಂಡಿದ ಧೋತರವನ್ನು ಶಿಷ್ಯನ ಹೆಗಲಿಗೆ ಹಾಕಿ ಕಾರಿನ ಹತ್ತಿರ ಬಂದರು. ಬಾನೆಟ್ ಎತ್ತಿಸಿದರು. ಒಳಗೆ ಒಮ್ಮೆ, ಶಿಷ್ಯನ ಮುಖ ಒಮ್ಮೆ ನೋಡಿದರು. ಆಮೇಲೆ ಅವನ ಒರೆಸುವ ಅರಿವೆ ಎತ್ತಿ ತಮ್ಮ ಜೋಳಿಗೆಗೆ ಹಾಕಿಕೊಂಡರು.

"ಮೂರ ದಿನಾ ಗಾಡಿ ಒರಸಬ್ಯಾಡ. ಕೆಳಗ ಗುಡಸಬ್ಯಾಡ, ನೀರ ಹೊಡೀಬ್ಯಾಡ."

"ವಿಭೂತಿ?"

"ಅದಕ್ಕೇನ ಜ್ವರಾ ಬಂದೈತೇನು? ಬ್ಯಾಡ."

"ಅಜ್ಜಾರ, ಸೋರೂದು ಎಲ್ಲಿ ಅಂತ ಕೇಳಾಕ ಬಂದ್ರ ನನ್ನ ಸೇವಾನ ಕಸಗೊಂಡ್ರೆಲ್ರೀ."

"ದಿನಾ ಒಂದ ಸುತ್ತು ಓಡಸು. ತಂದು ಇಲ್ಲೇ ನಿಲ್ಲಸು. ಮುಂಜಾನೆದ್ದು ಕೈ ಹಿಂದ ಕಟಗೊಂಡು ನೋಡು. ಅಷ್ಟ ಸೇವಾ."

ಮೊದಲ ದಿನ ಕಾರಿನ ಮೇಲೆ ಧೂಳು ಕೂತಿತು. "ಯಾಕೋ ಅಡಿವೆಪ್ಪಾ, ಮೈಯಾಗ ಆರಾಮಿಲ್ಲೇನು?" ಅಂತ ಭಕ್ತರೊಬ್ಬರು ಕೇಳಿದರು. ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಕೈ ಅರಿವೆಗಾಗಿ ತಡಕಾಡುತ್ತಿತ್ತು.

ಎರಡನೆಯ ಮುಂಜಾನೆ ಕಾರಿನ ಕೆಳಗಿನ ಒಣ ಮಣ್ಣಿನಲ್ಲಿ ಅಂಗೈಯಷ್ಟು ತೇವ ಕಂಡಿತು. ಅಡಿವೆಪ್ಪ ಮಂಡಿಯೂರಿ ಕೂತು ನೋಡುತ್ತಲೇ ಇದ್ದ. ಗಾಡಿ ತಣ್ಣಗಾಗುವಾಗ ಹನಿಯುತ್ತಿದ್ದದ್ದು ದಿನಾ ಇಲ್ಲೇ ಬಿದ್ದಿರುತ್ತಿತ್ತು. ಅವನು ದಿನಾ ಅದರ ಮೇಲೆ ನೀರು ಹೊಡೆದು ಗುಡಿಸಿ ಹಾಕುತ್ತಿದ್ದ.

ಮೂರನೆಯ ಮುಂಜಾನೆ ಓಡಿಹೋಗಿ ಅಜ್ಜನವರನ್ನು ಕಾರಿನ ಹತ್ತಿರ ಕರೆತಂದ.

"ಸಿಕ್ಕಿತ್ರಿ ಅಜ್ಜಾರ! ಕೆಳಗಿನ ಪೈಪಿನ ತುದಿಗೆ ಹನಿ ನಿಂತೈತಿ."

"ಅದು ಹೊಸಾ ಪೈಪಲ್ಲೇನು?"

"ಹೌದ್ರಿ." ಅಡಿವೆಪ್ಪನ ಮುಖ ಬಾಡಿತು.

"ಅದು ಹನಿ ಬೀಳೂ ಜಾಗಾ. ಹುಟ್ಟೂ ಜಾಗಾ ಅಲ್ಲ. ಮ್ಯಾಲ ಹತ್ತಿ ಹೋಗು."

ಪೈಪಿನಿಂದ ಮೇಲಕ್ಕೆ ಎಂಜಿನ್ನಿನ ಮೈಮೇಲೆ ಹಸಿರು ಮಿಶ್ರಿತ ಬಿಳಿ ಗೆರೆಯೊಂದು ಒಣಗಿ ಅಂಟಿತ್ತು. ಮೂರು ದಿನ ಯಾರೂ ಒರೆಸದ್ದಕ್ಕೆ ಉಳಿದ ಗೆರೆ. ಅಡಿವೆಪ್ಪನ ಕಣ್ಣು ಅದರ ಬೆನ್ನು ಹತ್ತಿ ಫ್ಯಾನಿನ ಹಿಂದಕ್ಕೆ ಹೋಯಿತು. ಅಲ್ಲಿ ನೀರಿನ ಪಂಪಿಗೂ ಎಂಜಿನ್ನಿನ ತಲೆಗೂ ನಡುವೆ ಹೆಬ್ಬೆರಳುದ್ದದ ರಬ್ಬರ್ ಪೈಪೊಂದಿತ್ತು. ಗೆರೆ ಅದರ ಬುಡದಲ್ಲಿ ನಿಂತಿತ್ತು.

"ಇದು ಗಟ್ಟಿ ಐತಲ್ರಿ. ದಿನಾ ಒರಸ್ತಿದ್ದೆ."

"ಮ್ಯಾಲ ಒರಸ್ತಿದ್ದಿ. ಕೆಳಗ ಬೆರಳ ಆಡಸು."

ಅಡಿವೆಪ್ಪ ಸಂದಿಯಲ್ಲಿ ಕೈ ತೂರಿಸಿದ. ಪೈಪಿನ ಹೊಟ್ಟೆಯಡಿ ಒಡೆದ ಹಿಮ್ಮಡಿಯಂಥ ಬಿರುಕು ಬೆರಳಿಗೆ ಸಿಕ್ಕಿತು.

ಅದೇ ದಿನ ರಿಪೇರಿಗೆ ಕೂತರು. ಹಸಿರು ನೀರನ್ನು ಬಕೆಟ್ಟಿಗೆ ಇಳಿಸಿದರು. ತುಕ್ಕು ಹಿಡಿದ ಕ್ಲಿಪ್ಪು ಬಿಚ್ಚಿ, ಗಡುಸಾಗಿ ಅಂಟಿಕೊಂಡಿದ್ದ ಪೈಪನ್ನು ಚಾಕುವಿನಿಂದ ಸೀಳಿ ತೆಗೆದರು. ಅದು ಕೂತ ಜಾಗವನ್ನು ಅಜ್ಜ ಉಪ್ಪುಕಾಗದದಿಂದ ತಿಕ್ಕಿದರು. ಅಡಿವೆಪ್ಪ ಹೊಸದನ್ನು ಕೂಡಿಸಿ ಕ್ಲಿಪ್ಪು ತಿರುವತೊಡಗಿದ. ಹಲ್ಲು ಕಚ್ಚಿ ತಿರುವಿದ.

"ಸಾಕು. ಸಿಟ್ಟಿಲೆ ತಿರುವಿದ್ರ ರಬ್ಬರ್ ಹರೀತೈತಿ. ಯಾರ ಮ್ಯಾಲ ಸಿಟ್ಟು?"

ಅಡಿವೆಪ್ಪ ಕೈ ನಿಲ್ಲಿಸಿದ.

"ಅಜ್ಜಾರ, ನಾಕ್ ದಿನಾ ಅಲ್ರಿ. ಎರಡ ತಿಂಗಳಾತು."

"ಗೊತ್ತೈತಿ."

"ಯಾವಾಗ ಗೊತ್ತಾತ್ರಿ?"

"ನಾ ಕೇಳಿದಾಗ ನೀ ಹೊಳೀ ಕಡೆ ನೋಡಿದೆಲ್ಲಾ, ಆವಾಗ."

"ಮತ್ತ ಅವತ್ತ ಯಾಕ ಬೈಲಿಲ್ರಿ?"

"ಬೈದಿದ್ರ ನೀ ಇನ್ನೂ ಜೋರಲೆ ಒರಸ್ತಿದ್ದಿ," ಅಂದರು ಅಜ್ಜ. "ಸ್ಪ್ಯಾನರ್ ಕೊಡ ಇಲ್ಲಿ."

ಕೂಲಂಟ್ ತುಂಬಿಸಿ, ರೇಡಿಯೇಟರಿನ ಮುಚ್ಚಳ ತೆಗೆದಿಟ್ಟೇ ಗಾಡಿ ಚಾಲೂ ಮಾಡಿ, ಒಳಗೆ ಸಿಕ್ಕ ಗಾಳಿಯ ಗುಳ್ಳೆ ಹೊರಬೀಳುವುದು ನಿಲ್ಲುವ ತನಕ ಕಾದರು. ಮರುದಿನ ಮುಂಜಾನೆ ಮಣ್ಣು ಒಣಗಿತ್ತು. ಅದರ ಮರುದಿನವೂ ಒಣಗಿತ್ತು. ಅಡಿವೆಪ್ಪ ಅಡುಗೆಮನೆಗೆ ಹೋದ.

ಕಲ್ಲವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಎವ್ವಾ, ಗಾಡಿ ರಿಪೇರಿ ಆತು."

"ಇನ್ನ ಸೋರೂದಿಲ್ಲ ಅಂತ ಅಜ್ಜಾರ ಪಾದದ ಆಣಿ ಮಾಡ್ತಿ?"

ಮೊದಲಿನ ಅಡಿವೆಪ್ಪನಾಗಿದ್ದರೆ ಮಾಡಿಬಿಡುತ್ತಿದ್ದ. ಈಗ ಬಾಗಿಲಲ್ಲೇ ನಿಂತು ಹೇಳಿದ.

"ಇಲ್ಲಬೇ. ಎರಡ ಪೈಪು ಹೊಸಾವು, ಉಳದವೆಲ್ಲಾ ಹಳೇವು. ಸೋರಿದ್ರೂ ಸೋರೀತು. ಇನ್ನೊಂದು ಹೇಳ್ತೀನಿ ಕೇಳು. ಅವತ್ತ ಗುಡ್ಡದ ಬುಡದಾಗ ಇದ್ದಾಗನ ಬಿಸಿ ತೋರಸೂ ಮುಳ್ಳು ಏರಿತ್ತು. ನಾ ನೋಡಿದ್ದೆ. ನಿಲ್ಲಸಿದ್ರ ನೀರ ಹಾಕಿ ಹೋಗಬಹುದಿತ್ತು. ಮರ್ಯಾದಿ ಹೋಗತೈತಂತ ನಿಲ್ಲಸಲಿಲ್ಲ."

ರೊಟ್ಟಿ ಬಡಿಯುವ ಕೈ ನಿಂತಿತು.

"ಇನ್ನ ಮುಳ್ಳು ಏರಿದ್ರ ಅಲ್ಲೇ ನಿಲ್ಲಸ್ತೀನಿ. ಮೊದಲ ನಿನಗ ಹೇಳ್ತೀನಿ. ಎರಡ ಡಬ್ಬಿ ನೀರು ಡಿಕ್ಕಿಯೊಳಗ ಇಟ್ಟೀನಿ. ಇಷ್ಟರ ಮ್ಯಾಲ ನಿನ್ನ ಮನಸ್ಸು."

ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಕಲ್ಲವ್ವ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಕೈ ಒರೆಸಿಕೊಂಡು ಒಳಗೆ ಹೋಗಿ, ಹಳೆಯ ಸೀರೆಯಲ್ಲಿ ಕಟ್ಟಿದ ಗಂಟು ತಂದಳು.

"ಗಿರಿಜಾನ ಅರಿವಿ, ಕೂಸಿನ ಕುಲಾಯಿ ಅದಾವು. ಕಾರಿನಾಗ ಇಡು. ಯಾವಾಗ ನೋವು ಬರ್ತಾವೋ ಏನೋ."

ನೋವು ಬಂದದ್ದು ಅದಾದ ಹನ್ನೊಂದನೆಯ ದಿನ, ಮಧ್ಯಾಹ್ನದ ಪ್ರಸಾದದ ಹೊತ್ತಿಗೆ. ತಾಯಿ ಮಗಳು ಹಿಂದೆ ಕೂತರು. ಯಾರೂ ಕರೆಯದಿದ್ದರೂ ಅಜ್ಜ ಮುಂದಿನ ಸೀಟಿನಲ್ಲಿ ಬಂದು ಕೂತರು.

ಗುಡ್ಡದ ಒಂದೊಂದು ತಿರುವಿಗೂ ಅಡಿವೆಪ್ಪ ಕೂಗಿ ಹೇಳಿದ. "ಮುಳ್ಳು ಅರ್ಧಕ್ಕೈತಿ... ಎವ್ವಾ, ಅರ್ಧಕ್ಕ ಐತಿ... ಇನ್ನೂ ಅರ್ಧಕ್ಕ..."

ಎರಡು ನೋವಿನ ನಡುವೆ ಗಿರಿಜಾ ಚೀರಿದಳು. "ಅಣ್ಣಾ, ನಿನ್ನ ಮುಳ್ಳಿನ ಮನಿ ಹಾಳಾಗ್ಲಿ, ಗಾಡಿ ಹೊಡಿ!"

ಕಲ್ಲವ್ವ ಅಳುತ್ತಲೇ ನಕ್ಕಳು. ಮುಳ್ಳು ಅರ್ಧಕ್ಕೇ ಇತ್ತು.

ಸಂಜೆ ನಾಲ್ಕಕ್ಕೆ ಹೆಣ್ಣು ಕೂಸು ಹುಟ್ಟಿತು. ಕಲ್ಲವ್ವ ಅದನ್ನು ಮೊದಲು ಅಜ್ಜನವರ ಮುಂದೆ, ಆಮೇಲೆ ಅಡಿವೆಪ್ಪನ ಮುಂದೆ ಹಿಡಿದಳು. ಅವನು ಗ್ರೀಸ್ ಹತ್ತಿದ ಕೈ ಬೆನ್ನ ಹಿಂದೆ ಮುಚ್ಚಿಕೊಂಡ. "ಹಿಡಿಯೋ ಸುಮ್ನ," ಅಂದಳು ಕಲ್ಲವ್ವ.

ಬಾಣಂತಿಯನ್ನೂ ಕೂಸನ್ನೂ ಕಲ್ಲವ್ವನ ಕೈಗೆ ಬಿಟ್ಟು ಗುರು ಶಿಷ್ಯರಿಬ್ಬರೇ ಹಿಂದಿರುಗಿದರು. ಗುಡ್ಡದ ನೆತ್ತಿಗೆ ಬಂದಾಗ ಅಡಿವೆಪ್ಪ ಮಾತು ತೆಗೆದ.

"ಅಜ್ಜಾರ, ಇನ್ನೊಮ್ಮೆ ಹಿಂಗ ಆಗೂದಿಲ್ಲ ಅಂದೆ. ಕಲ್ಲವ್ವ ನಂಬಲಿಲ್ಲ. ಸೋರಿದ್ರೂ ಸೋರೀತು ಅಂದೆ. ಮಗಳನ್ನ ತಂದು ಕೂಡಿಸಿದ್ಲು."

ಅಜ್ಜ ಹೂಂಗುಟ್ಟಿದರು.

ಇಳಿಜಾರು ಶುರುವಾಗುತ್ತಲೇ ಶಿಷ್ಯ ಗೇರು ಬದಲಿಸಿ ಮತ್ತೆ ಬಾಯಿ ಬಿಟ್ಟ.

"ನಿಮ್ಮ ಮುಂದ ಹೇಳದ ಮುಚ್ಚಿಟ್ಟಿದ್ದು ನನ್ನೊಳಗ ಇನ್ನೂ ಭಾಳ ಅದಾವ್ರಿ, ಅಜ್ಜಾರ."

ಅಜ್ಜ ಕಿಟಕಿಯ ಗಾಜು ಇಳಿಸಿ, ಕಾಲು ಮಡಚಿ ಆರಾಮಾಗಿ ಕೂತರು.

"ಹೇಳಕೋತ ನಡಿ. ನಿನ್ನವು ಮುಗದ ಮ್ಯಾಲ ನನ್ನವು ಹೇಳ್ತೀನಿ. ನಂದು ಭಾಳ ಹಳೇ ಗಾಡಿ ತಮ್ಮಾ, ಸಾವಕಾಶ ಹೊಡಿ."