ಗೆದ್ದಲು ಅರಗಿಸಿಕೊಂಡ ಪುಸ್ತಕ

ಶಾಲೆಯ ಬೀರುವಿನಲ್ಲಿ ‘ನಿಜವನ್ನೇ ನುಡಿ’ ಎಂಬ ದಪ್ಪ ಪುಸ್ತಕವೊಂದಿತ್ತು. ನಾಳಿನ ವಾರ್ಷಿಕೋತ್ಸವದಲ್ಲಿ ತನ್ನನ್ನೇ ಮೊದಲ ಬಹುಮಾನವಾಗಿ ಕೊಡುತ್ತಾರೆಂದು ಅದು ಬೀಗುತ್ತಿದ್ದಾಗ ಬೆನ್ನಿನ ಸಂದಿಯಿಂದ ಗೆದ್ದಲೊಂದು ತಲೆ ಹೊರಹಾಕಿತು.

ಪುಸ್ತಕ ಬೆಚ್ಚಿಬಿತ್ತು. “ಏಯ್, ಒಳಗೇನು ಮಾಡುತ್ತಿದ್ದೆ? ನಿಜ ಹೇಳಿದವರನ್ನು ಕ್ಷಮಿಸಬೇಕೆಂದು ನನ್ನ ಮೊದಲ ಅಧ್ಯಾಯದಲ್ಲೇ ಇದೆ. ಹೇಳು.”

“ಇತ್ತು ಸ್ವಾಮಿ. ಅದನ್ನು ಹೋದ ಮಳೆಗಾಲದಲ್ಲೇ ತಿಂದೆವು. ಈಗ ರಟ್ಟೊಂದು ಬಿಟ್ಟರೆ ಒಳಗೆಲ್ಲ ನಮ್ಮ ಮಣ್ಣೇ.”

ಪುಸ್ತಕ ದನಿ ತಗ್ಗಿಸಿ, “ನೋಡಪ್ಪಾ, ನಾಳೆ ಸಮಾರಂಭ ಮುಗಿಯುವವರೆಗೆ ಇದನ್ನು ಯಾರಿಗೂ ಹೇಳಬೇಡ,” ಎಂದಿತು.

ಬೆಚ್ಚುವ ಸರದಿ ಈಗ ಗೆದ್ದಲಿನದು. “ಮುಚ್ಚಿಡುವುದೇ? ನಾವು ನಿಮ್ಮನ್ನು ಪೂರ್ತಿ ಅರಗಿಸಿಕೊಂಡವರು ಸ್ವಾಮಿ!”

ಮರುದಿನ ಮುಖ್ಯೋಪಾಧ್ಯಾಯರು ರಟ್ಟಿನ ಧೂಳು ಒರೆಸಿ, ಎಂದಿನಂತೆ ತೆರೆಯದೆಯೇ ಬಣ್ಣದ ಕಾಗದ ಸುತ್ತಿದರು. ವೇದಿಕೆಯ ಮೇಲೆ ಅದನ್ನು ಎತ್ತಿ ಹಿಡಿದು, “ಇದು ನಾನು ದಿನಾ ಬೆಳಿಗ್ಗೆ ಓದುವ ಪುಸ್ತಕ,” ಎಂದರು. ಚಪ್ಪಾಳೆ ಬಿತ್ತು.

ಕಾಗದದೊಳಗೆ ಗೆದ್ದಲು ಕಂಗಾಲಾಗಿ ಕೇಳಿತು: “ಸ್ವಾಮಿ, ಇವರು ಓದಿದ್ದು ಯಾವಾಗ? ಒಳಗೆ ನಾವೇ ಇದ್ದೆವಲ್ಲ!”

“ಬಾಯಿ ಮುಚ್ಚು,” ಎಂದಿತು ‘ನಿಜವನ್ನೇ ನುಡಿ’.